ಅಮಾವಾಸ್ಯೆಯ ಶಾವಿಗೆ ಸಾರು

ಕೆಂಡದ ಮೇಲೆ ಸಿಪ್ಪೆ ಸಮೇತ ಸುಟ್ಟ ಶುಂಠಿಯ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಜನ್ಮಕ್ಕೂ ಬಿಡುವುದಿಲ್ಲ. ಈಚೆಗೆ ಬೆಂಗಳೂರಿನ ಒಂದು ದಿನಸಿ ಅಂಗಡಿಯ ಬಾಗಿಲಲ್ಲಿ ಆ ವಾಸನೆ ಬಂದಾಗ ನಾನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತೇಬಿಟ್ಟೆ. ಮೊಬೈಲ್ ನೋಡಿಕೊಂಡು ಹಿಂದೆ ಬರುತ್ತಿದ್ದ ನಾದಿನಿಯ ಮಗಳು ನನ್ನ ಬೆನ್ನಿಗೆ ಡಿಕ್ಕಿ ಹೊಡೆದಳು.

ನಾವು ಶಿವಮೊಗ್ಗದಿಂದ ಹೋಗಿದ್ದು ಅವಳ ಮದುವೆ ಸೀರೆಗೆ. ಹೋದ ಮೇಲೆ ಕ್ಯಾಲೆಂಡರ್ ನೋಡಿದರೆ ಅಮಾವಾಸ್ಯೆ. ಅವತ್ತು ಸೀರೆ ತೆಗೆದರೆ ನಾದಿನಿ ನನ್ನನ್ನು ಊರಿಗೇ ಸೇರಿಸುತ್ತಿರಲಿಲ್ಲ. ಹಾಗಾಗಿ ಇಡೀ ದಿನ ಖಾಲಿಯಿತ್ತು. ಹುಡುಗಿಗೆ ನನ್ನ ಹಳೆಯ ಹುಚ್ಚು ಗೊತ್ತಿತ್ತು. ಇವತ್ತು ನಿಮ್ಮ ಸಾರನ್ನು ಹುಡುಕಿಯೇ ಬಿಡೋಣ ಅತ್ತೆ ಎಂದು ಹೊರಡಿಸಿದಳು.

ಹುಚ್ಚೇ ಸರಿ. ಚಿಕ್ಕಂದಿನಲ್ಲಿ ತಿಂದ ಒಂದು ಸಾರಿಗಾಗಿ ನಾನು ಊರೂರು ಮೂಸಿದ್ದೇನೆ. ಶಿವಮೊಗ್ಗದ ಚೈನೀಸ್ ಗಾಡಿಯವನಿಗೆ, ತಿಳಿ ಸಾರು ಮಾರಾಯ, ಒಳಗೆ ಅಕ್ಕಿ ಶಾವಿಗೆ, ಮೇಲೆ ಹಸಿ ಸೊಪ್ಪು ಎಂದು ಎಷ್ಟು ವಿವರಿಸಿದರೂ ಅವನು ಗೋಬಿ ಮಂಚೂರಿಯನ್ನೇ ಕೈಗಿಟ್ಟ. ಕೊನೆಗೆ ಈ ಹುಡುಗಿ, ಅದು ವಿಯೆಟ್ನಾಮಿನ ಸೂಪು, ಫೋ ಅಂತಾರೆ ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಹೆಸರು ಸಿಕ್ಕಿತು, ಸಾರು ಸಿಗಲಿಲ್ಲ. ಅವತ್ತು ಬೆಳಿಗ್ಗೆ ಒಂದು ಮಾಲ್‌ನಲ್ಲಿ ತೆಂಗಿನಹಾಲು ಸುರಿದು ಕೊಟ್ಟರು. ಇನ್ನೊಂದು ಕಡೆ ಕೊಟ್ಟದ್ದು ಸೊಪ್ಪು ತೊಳೆದ ನೀರಿನ ಹಾಗಿತ್ತು. ಮೂರನೆಯದೇ ಈ ದಿನಸಿ ಅಂಗಡಿ. ಓದಲು ಬಾರದ ಅಕ್ಷರದ ಬಾಟಲಿಗಳು, ಒಣ ಅಣಬೆ, ಅಕ್ಕಿ ಶಾವಿಗೆಯ ಕಟ್ಟುಗಳು. ನಮ್ಮ ಕಡೆ ಬಚ್ಚಲ ಹಿಂದೆ ತಾನಾಗಿ ಬೆಳೆಯುವ ಕಾಡುಕೊತ್ತಂಬರಿಯನ್ನು ಇಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು. ಹಿಂಬದಿಯಲ್ಲಿ ನಾಲ್ಕು ಮೇಜು, ಒಂದು ಅಡುಗೆಮನೆ. ವಾಸನೆ ಅಲ್ಲಿಂದಲೇ ಬರುತ್ತಿತ್ತು...

ಆ ಸಾರು ಮಾಡುತ್ತಿದ್ದವಳು ಭದ್ರಾವತಿಯ ನ್ಯೂ ಟೌನ್‌ನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಆಂಟಿ. ಗಂಡ ತಮಿಳಿನವರು, ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. ಅವರ ಹಿರಿಯರು ಸೈಗಾನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರಂತೆ. ಅಲ್ಲಿನ ಯುದ್ಧ ಮುಗಿದ ಮೇಲೆ ಎಲ್ಲ ಬಿಟ್ಟು ಬಂದರು, ಬರುವಾಗ ಇವರು ಅಲ್ಲಿಯವಳೇ ಆದ ಈ ಆಂಟಿಯನ್ನು ಮದುವೆಯಾಗಿ ಕರೆತಂದರು. ನಮ್ಮ ಸಾಲಿನವರಿಗೆ ಇಷ್ಟು ಪುರಾಣ ಬೇಕಿರಲಿಲ್ಲ. ಅವಳ ಕಣ್ಣು ನೋಡಿ ಚೀನಾದವಳು ಎಂದು ತೀರ್ಮಾನಿಸಿ ಕೈತೊಳೆದುಕೊಂಡಿದ್ದರು. ಅವಳಿಗೆ ಮಕ್ಕಳಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರಿಗೆ ಮಾತಾಡಲು ಅದೊಂದು ಸಾಕಾಗಿತ್ತು.

ಶಾವಿಗೆ ಸಾರನ್ನು ಅವಳು ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ಮಾತ್ರ ಮಾಡುತ್ತಿದ್ದಳು. ಹಿಂದಿನ ದಿನವೇ ದೊಡ್ಡ ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಮಾರನೆಯ ದಿನ ಹಿತ್ತಲಿನಲ್ಲಿ ಇದ್ದಿಲು ಹೊತ್ತಿಸಿ ಈರುಳ್ಳಿ, ಶುಂಠಿಯನ್ನು ಕರ್ರಗೆ ಸುಡುತ್ತಿದ್ದಳು. ಅದಕ್ಕೆ ಮೂಲಂಗಿ, ಚಕ್ಕೆ, ಚಕ್ರಮೊಗ್ಗು ಸೇರಿಸಿ, ಕಬ್ಬಿನ ತುಂಡುಗಳನ್ನೂ ಹಾಕಿ ಮಧ್ಯಾಹ್ನದವರೆಗೆ ಕುದಿಸುತ್ತಿದ್ದಳು. ಕಬ್ಬು ತರುವುದು ಸಾಲಿನ ಮಕ್ಕಳಾದ ನಮ್ಮ ಕೆಲಸ. ಕಬ್ಬಿನ ಗಾಡಿಗಳ ಹಿಂದೆ ಓಡಿ ಎಳೆದುಕೊಂಡು ಬರುತ್ತಿದ್ದೆವು. ಮೊದಲ ಬಟ್ಟಲು ಅವಳ ಅಮ್ಮನ ಫೋಟೋದ ಮುಂದೆ, ಊದುಬತ್ತಿಯ ಜೊತೆ. ಆಮೇಲೆ ಬೇಲಿಯಾಚೆಯಿಂದ ನಮ್ಮನ್ನೆಲ್ಲ ಕರೆದು, ಮೊಳಕೆ ಹೆಸರುಕಾಳು ಹಾಕಿ, ಕಾಮಕಸ್ತೂರಿ, ಕಾಡುಕೊತ್ತಂಬರಿ ಹರಿದು ಹಾಕಿ, ನಿಂಬೆಹಣ್ಣು ಹಿಂಡಿ ಕೊಡುತ್ತಿದ್ದಳು. ಆ ರುಚಿ... ಹೇಳಲು ಹೋದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ.

ಬೇರೆ ದಿನ ಅವಳ ಮನೆಯಿಂದ ಮೀನಿನ ವಾಸನೆ. ಅಂಥ ದಿನ ಹೋದರೆ ಬಾಗಿಲಿಗೆ ಕೈ ಅಡ್ಡ ಇಟ್ಟು, ಇವತ್ತು ಬೇಡ ಎಂದು ಪೆಪ್ಪರ್‌ಮಿಂಟ್ ಕೊಟ್ಟು ಕಳಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಅಜ್ಜಿಯ ಮುಂದೆ ಮೊಟ್ಟೆ ಎಂಬ ಮಾತನ್ನೂ ಎತ್ತುವಂತಿರಲಿಲ್ಲ. ನಾನು ಬೇಲಿಯ ಕಂಡಿಯಲ್ಲಿ ನುಸುಳಿ ಹೋಗಿ ತಿಂದು ಬಂದು, ಬಾಯಿ ಒರೆಸಿಕೊಂಡು ಪುಸ್ತಕ ಹಿಡಿದು ಕೂರುತ್ತಿದ್ದೆ. ನನ್ನ ಅಮ್ಮ ಸಾಮಾನ್ಯದವಳಲ್ಲ. ರೇಷನ್ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದಾಗ ಕ್ಯೂನಲ್ಲಿದ್ದವರೆಲ್ಲರ ಎದುರು ಮತ್ತೆ ತೂಗಿಸಿದವಳು. ಅಂಥವಳ ಕಣ್ಣಿಗೆ ನಾನು ಒಂದು ಸಲವೂ ಸಿಕ್ಕಿಬೀಳಲಿಲ್ಲ. ನನ್ನ ಜಾಣತನದ ಬಗ್ಗೆ ನನಗೆ ಭಾರೀ ಹೆಮ್ಮೆಯಿತ್ತು.

ಒಂದು ಹುಣ್ಣಿಮೆಯಾದ ಮೇಲೆ ಮೂಲೆಮನೆಯ ಹುಡುಗ ಕಾಮಾಲೆಯಿಂದ ಮಲಗಿದ. ಅವನೂ ನಮ್ಮ ಜೊತೆ ಸಾರು ಕುಡಿದಿದ್ದ. ಯಾರು ಮೊದಲು ಬಾಯಿ ಬಿಟ್ಟರೋ ಗೊತ್ತಿಲ್ಲ, ಎರಡು ದಿನದಲ್ಲಿ ಇಡೀ ಸಾಲು ಮಾಟ ಎಂಬ ಮಾತನ್ನು ಆಡತೊಡಗಿತು. ಅಮಾವಾಸ್ಯೆ ಹುಣ್ಣಿಮೆಗೆ ಮಾತ್ರ ಹಿತ್ತಲಲ್ಲಿ ಹೊಗೆ ಹಾಕುತ್ತಾಳೆ, ಸತ್ತವರ ಫೋಟೋಗೆ ಎಡೆ ಇಡುತ್ತಾಳೆ, ನಿಂಬೆಹಣ್ಣು ಕೊಯ್ಯುತ್ತಾಳೆ, ತನಗೆ ಮಕ್ಕಳಿಲ್ಲದವಳು ಊರ ಮಕ್ಕಳನ್ನೆಲ್ಲ ಕರೆದು ತಿನ್ನಿಸುತ್ತಾಳೆ. ಇನ್ನೇನು ಬೇಕು?

ಹೆಂಗಸರೆಲ್ಲ ಸೇರಿ ಅವಳ ಬಾಗಿಲಿಗೆ ಹೋದರು. ಅಮ್ಮನೂ ಹೋದಳು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ. ಯಾಕೆ ಆ ಎರಡು ದಿನವೇ ಮಕ್ಕಳನ್ನು ಕರೆಯುತ್ತೀಯ ಎಂದು ಮೂಲೆಮನೆಯ ಹೆಂಗಸು ಕೇಳಿದಳು. ಆಂಟಿಯ ಕನ್ನಡ ಸಂತೆಯಲ್ಲಿ ಸೊಪ್ಪು ಕೊಳ್ಳಲು ಸಾಕಾಗುತ್ತಿತ್ತು, ಪಂಚಾಯಿತಿಗೆ ಸಾಲುತ್ತಿರಲಿಲ್ಲ.

"ಅದು ಒಳ್ಳೇ ದಿನ. ಅದಕ್ಕೇ ಮಕ್ಳಿಗೆ ಕೊಡ್ತೀನಿ" ಎಂದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. ಅಮಾವಾಸ್ಯೆಯನ್ನು ಒಳ್ಳೇ ದಿನ ಅಂದಮೇಲೆ ಅವಳೇ ಒಪ್ಪಿಕೊಂಡ ಹಾಗಾಯಿತು. ಆಂಟಿ ಬೇರೆ ಯಾರನ್ನೂ ನೋಡುತ್ತಿರಲಿಲ್ಲ, ನನ್ನ ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ತಲೆ ತಗ್ಗಿಸಿ ನಿಂತಿದ್ದಳು. ಯಾರೋ ಹಿತ್ತಲಿನಿಂದ ಆ ಪಾತ್ರೆ ತಂದು ಚರಂಡಿಗೆ ಎಸೆದರು.

ಹುಡುಗ ಹುಷಾರಾದ. ನೀರು ಕಾಯಿಸಿ ಕುಡಿಯಿರಿ ಎಂದು ಡಾಕ್ಟರು ಇಡೀ ಸಾಲಿಗೆ ಹೇಳಿದರು. ಎಲ್ಲರೂ ನೀರು ಕಾಯಿಸಿ ಕುಡಿದರು, ಮಾಟ ಎಂಬ ಮಾತನ್ನು ಮಾತ್ರ ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ಆಂಟಿ ನಲ್ಲಿಗೆ ಬಂದರೆ ಕೊಡಗಳು ಹಿಂದೆ ಸರಿಯುತ್ತಿದ್ದವು. ಆ ವರ್ಷ ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಪಾಂಡಿಚೇರಿ ಕಡೆ ಹೋದರು ಎಂದರು... ಹೌದೋ ಅಲ್ಲವೋ.

ಅವಳು ಅಂಥವಳು ಎಂದು ನಾನು ಯಾವತ್ತೂ ನಂಬಲಿಲ್ಲ. ಆದರೆ ಯಾಕೆ ಆ ಎರಡು ದಿನವೇ ಎಂಬುದು ನನಗೂ ತಿಳಿದಿರಲಿಲ್ಲ. ಅದು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಬೆಂಗಳೂರಿನ ಆ ಅಂಗಡಿಯವಳು ವಿಯೆಟ್ನಾಮಿನ ಹುಡುಗಿ, ಇಲ್ಲಿಯವನನ್ನು ಮದುವೆಯಾಗಿ ಬಂದವಳು. ನಾದಿನಿಯ ಮಗಳು, ಮನೆಯಲ್ಲಿ ಹೇಳಬೇಡಿ ಅತ್ತೆ ಎಂದು ಕಣ್ಣು ಮಿಟುಕಿಸಿ, ತನಗೆ ಚಿಕನ್ ಹಾಕಿದ್ದು ಬೇಕೆಂದಳು. ಅಂಗಡಿಯವಳು ತಲೆಯಾಡಿಸಿದಳು. ಇವತ್ತು ಬರೀ ತರಕಾರಿಯದು, ಚಿಕನ್ ಬೇಕಿದ್ದರೆ ನಾಳೆ ಬನ್ನಿ. ಯಾಕೆ ಎಂದು ಕೇಳಿದ್ದಕ್ಕೆ ತನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದಳು. ಅಮಾವಾಸ್ಯೆಗೆ, ಹುಣ್ಣಿಮೆಗೆ ಅವರ ಮನೆಯಲ್ಲಿ ಜೀವ ತೆಗೆಯುವುದಿಲ್ಲ, ಮಾಂಸ ಮೀನು ಮುಟ್ಟುವುದಿಲ್ಲ. ಅವತ್ತು ಒಳ್ಳೆಯ ದಿನ.

ಸಿಡಿಲು ಬಡಿದವಳ ಹಾಗೆ ಕೂತೆ. ನಾದಿನಿಯ ಮಗಳು ಏನೋ ಕೇಳುತ್ತಿದ್ದಳು, ಕಿವಿಗೆ ಬೀಳಲಿಲ್ಲ. ತಿಂಗಳಲ್ಲಿ ಆ ಎರಡು ದಿನ ಆಂಟಿಯ ಒಲೆ ನಮ್ಮ ಒಲೆಯಷ್ಟೇ ಮಡಿಯಾಗಿರುತ್ತಿತ್ತು. ಅದಕ್ಕೇ ಕಾದು ಕೂತು, ಪಾತ್ರೆ ತಿಕ್ಕಿ, ನಮ್ಮನ್ನು ಕರೆಯುತ್ತಿದ್ದಳು. ಬೇರೆ ದಿನ ನಮ್ಮ ನೇಮ ಕೆಡಬಾರದೆಂದು ಬಾಗಿಲಿಗೆ ಕೈ ಅಡ್ಡ ಇಡುತ್ತಿದ್ದಳು. ಅವಳನ್ನು ನಾವು ಮಾಟಗಾತಿ ಅಂದೆವು! ಸಾರು ಬಂತು. ಅದೇ ಸಾರು, ಅದೇ ಕಬ್ಬಿನ ಸಿಹಿ. ಅಂಗಡಿಯವರ ಎದುರಿಗೇ ಅಳುತ್ತಾ ಕುಡಿದೆ.

ಶಿವಮೊಗ್ಗಕ್ಕೆ ಬಂದ ಸಂಜೆಯೇ ಅಮ್ಮನಿಗೆ ಹೇಳಿದೆ. ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚುರುಕು. ಅವಳೂ ನನ್ನ ಹಾಗೇ ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಫಿ ಲೋಟವನ್ನು ಕೆಳಗಿಟ್ಟಳು.

"ನಂಗೊತ್ತಿತ್ತು ಕಣೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಅಮ್ಮ ನಿಧಾನವಾಗಿ ಹೇಳಿದಳು. ಆಂಟಿ ಮೊದಲೇ ಬೇಲಿಯ ಹತ್ತಿರ ಬಂದು ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ಕೇಳಿದ್ದಳಂತೆ, ನಿಮ್ಮ ಮಗು ತುಂಬಾ ಸಣ್ಣಗಿದೆ, ಏನಾದರೂ ತಿನ್ನಿಸಲಾ ಎಂದು. ಮಾಂಸ ಬೇಯಿಸುವ ಮನೆಯಲ್ಲಿ ನಾವು ತಿನ್ನುವುದಿಲ್ಲ ಎಂದು ಅಮ್ಮ ಹೇಳಿದ್ದಕ್ಕೆ, ಆ ಎರಡು ದಿನ ನಾನೂ ಮುಟ್ಟುವುದಿಲ್ಲ, ಪಾತ್ರೆಯನ್ನೂ ಬೇರೆ ಇಡುತ್ತೇನೆ, ಅವತ್ತು ಕಳಿಸಿ ಎಂದಿದ್ದಳಂತೆ. ಅಮ್ಮ ಒಪ್ಪಿದ್ದಳು. ನಾನು ಕದ್ದು ಹೋಗುತ್ತಿರಲಿಲ್ಲ, ಅಮ್ಮನೇ ನೋಡಿಯೂ ನೋಡದ ಹಾಗೆ ಹೋಗಲು ಬಿಡುತ್ತಿದ್ದಳು.

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲಮ್ಮ?"

"ಹೇಳಿದ್ರೆ ನಿಮ್ಮಜ್ಜಿ ನನ್ನ ಒಳಗೆ ಬಿಟ್ಕೋತಿದ್ರಾ? ಗೊತ್ತಿದ್ದೂ ಗೊತ್ತಿದ್ದೂ ಮೀನು ತಿನ್ನೋರ ಮನೆಗೆ ಮಗೂನ ಊಟಕ್ಕೆ ಕಳಿಸಿದ್ದೆ. ಒಂದು ಮಾತು ಸಾಕಿತ್ತು ಮಾರಾಯ್ತಿ. ನನ್ನ ಬಾಯಿಂದ ಬರ್ಲಿಲ್ಲ."

ರೇಷನ್ ಅಂಗಡಿಯವನಿಗೆ ಹೆದರದ ಹೆಂಗಸು ಅದು. ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೊತೆ ಉಂಡು ಮಲಗಿ ಎದ್ದಿದ್ದಾಳೆ. ಬೈಯಬೇಕೆನಿಸಿತು, ಆಗಲಿಲ್ಲ. ತಣ್ಣಗಾಗಿದ್ದ ಅವಳ ಕಾಫಿಯನ್ನು ಒಯ್ದು ಬಿಸಿ ಮಾಡಿ ತಂದೆ.

ಆಂಟಿ ಬದುಕಿದ್ದರೆ ಎಂಬತ್ತರ ಹತ್ತಿರ ಇರಬೇಕು. ನಾಳೆಯೇ ಪಾಂಡಿಚೇರಿಗೆ ಹೋಗಿ ಬೀದಿ ಬೀದಿ ಹುಡುಕುತ್ತೇನೆ, ನನ್ನ ಹುಚ್ಚಿಗೆ ಅದೇನು ಹೊಸದಲ್ಲ ಎಂದು ಅಮ್ಮನಿಗೆ ಹೇಳಿದೆ. ಅವಳ ಹೆಸರು ಹೇಳು ಎಂದೆ. ಅಮ್ಮ, ಕ್ರೇನಿನವರ ಮನೆಯವಳು ಅಂತಿದ್ವಿ ಎಂದಳು. ಅವಳ ಹೆಸರನ್ನು ಅಮ್ಮ ಒಂದು ದಿನವೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.