ಬಾರದ ವಿಮಾನಕ್ಕೆ ಕೊಯ್ದ ಹುಲ್ಲು

ಪಪುವಾ ದ್ವೀಪದ ಈ ಬೆಟ್ಟದೂರಿಗೆ ರಸ್ತೆಯಿಲ್ಲ. ಇಳಿಜಾರಿನ ಹುಲ್ಲುಪಟ್ಟಿಯೇ ವಿಮಾನ ನಿಲ್ದಾಣ. ಹುಲ್ಲು ಪಾದ ಮುಳುಗುವಷ್ಟು ಬೆಳೆದರೆ ಪೈಲಟ್ ಇಳಿಯುವುದಿಲ್ಲವಂತೆ. ಅದಕ್ಕೇ ಹೆಂಗಸರು ವಾರವಾರವೂ ಮಚ್ಚು ಹಿಡಿದು ಇಡೀ ಪಟ್ಟಿಯನ್ನು ಸವರುತ್ತಾರೆ, ಬಿಟ್ಟಿಯಾಗಿ.

ಡಾಕ್ಟರಿಲ್ಲದ ಇಲ್ಲಿನ ಆಸ್ಪತ್ರೆ ಕೋಣೆಗೆ ಸೋಲಾರ್ ದೀಪ ಹಾಕಲು ಚಳ್ಳಕೆರೆಯ ನನ್ನೊಂದಿಗೆ ಬಂದಿರುವ ಮೊಳಕಾಲ್ಮುರಿನ ಓಬಣ್ಣ ನಿನ್ನೆ ಅದನ್ನು ನೋಡುತ್ತಾ ನಿಂತ. "ನಮ್ಮ ಉಳ್ಳಾರ್ತಿ ಕಾವಲ್‌ನಾಗೆ, ದನ ಮೇಯೋ ಜಾಗದಾಗೆ, ಸರ್ಕಾರದೋರು ಹುಲ್ಲಿಗೆ ದನ ಹೋಗ್ದಂಗೆ ಗೋಡೆ ಕಟ್ಟ್ಯಾರೆ. ಇಲ್ಲಿ ಹುಲ್ಲು ಬೆಳೆದಿದ್ದೇ ತಪ್ಪು. ಎರಡು ಕಡೆನೂ ತಪ್ಪು ಹಳ್ಳಿಯೋರ್ದೇ ನೋಡ್ಲೇ."

ಇವತ್ತು ಬೆಳಿಗ್ಗೆ ಹೆರಿಗೆ ನೋವು ತಿನ್ನುತ್ತಿದ್ದ ಬಸುರಿಯೊಬ್ಬಳಿಗೆ ವಿಪರೀತ ರಕ್ತ ಹೋಗತೊಡಗಿತು. ಊರಿನ ಮೇಷ್ಟ್ರು ರೇಡಿಯೋದಲ್ಲಿ ವಿಮಾನ ಕೇಳಿದರು. ಪಟ್ಟಣದ ವಿಮಾನ ಕಚೇರಿಯ ಗುಮಾಸ್ತ ಅವಳು ಹೇಗಿದ್ದಾಳೆಂದು ಕೇಳಲಿಲ್ಲ. "ಹುಲ್ಲು ಎಷ್ಟೆತ್ತರ ಇದೆ?" ಎಂದ. ನಿನ್ನೆಯಷ್ಟೇ ಕೊಯ್ದಿದೆ ಎಂದರು ಮೇಷ್ಟ್ರು. ಹಾಗಾದರೆ ಸರಿ, ಆದರೆ ವಿಮಾನ ಯಾರೋ ದೊಡ್ಡವರನ್ನು ಕರೆದುಕೊಂಡು ಹೋಗಿದೆ, ನಾಳೆ ನೋಡೋಣ ಎಂದ. ಆ ರೇಡಿಯೋವನ್ನು ಎತ್ತಿ ಬಂಡೆಗೆ ಅಪ್ಪಳಿಸಬೇಕೆನಿಸಿತು ನನಗೆ.

ಗಂಡಸರು ಬಸುರಿಯನ್ನು ಬಿದಿರಿನ ಡೋಲಿಯಲ್ಲಿ ಹೊತ್ತು ಪಟ್ಟಣಕ್ಕೆ ಎರಡು ದಿನದ ಕಾಲುದಾರಿ ಹಿಡಿದರು. ಅವರ ಹಿಂದೆ ಹೊರಟ ಅವಳ ತಾಯಿ ತನ್ನ ಮಚ್ಚನ್ನು ನೆರೆಯವಳ ಕೈಗಿಟ್ಟು ಏನೋ ಹೇಳಿದಳು.

"ಏನಂದ್ಲಂತೆ ಆಯಮ್ಮ? ಕೇಳ್ಲೇ," ಎಂದ ಓಬಣ್ಣ.

ನಾನು ಮೇಷ್ಟ್ರನ್ನು ಕೇಳಿದೆ. ಅವರು ನನ್ನ ಮುಖ ನೋಡದೆ ಹೇಳಿದರು:

"ಮುಂದಿನ ವಾರ ನನ್ನ ಪಾಲಿನ ಹುಲ್ಲನ್ನೂ ನೀನೇ ಕೊಯ್ಯಿ. ಇನ್ನೊಬ್ಬಳಿಗೆ ವಿಮಾನ ಕೇಳಿದಾಗ ಅವರಿಗೆ ನೆಪ ಸಿಗಬಾರದು."