ಪಕ್ಕದಲ್ಲಿ ಮಾಧವನಿಗೆ ಜಾಗ

ಹಳೇ ಗೇಮ್ ಆಡಲು, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ಹಗುರವಾದ ಆವೃತ್ತಿ ಆರಿಸಿ, ಇವತ್ತು ಅಟ್ಟದ ಕಂಪ್ಯೂಟರ್ ಚಾಲೂ ಮಾಡಿದೆ. ಕಾದ ಧೂಳಿನ ವಾಸನೆಗೆ ನಾನು ಚಿಕ್ಕವನಿದ್ದಾಗ ವರ್ತಕ ನಗರದಲ್ಲಿದ್ದ ನಮ್ಮ ಒಂದೇ ಕೋಣೆಯ ಖೋಲಿ ಕಣ್ಣಮುಂದೆ ನಿಂತಿತು.

ಅಪ್ಪ ಈ ಕಂಪ್ಯೂಟರನ್ನು ಉಲ್ಹಾಸನಗರದಿಂದ ಸೆಕೆಂಡ್‌ಹ್ಯಾಂಡ್ ತಂದಾಗ ಒಳಗೆ ಯಾರೋ ‘ಮಾಧವ’ನ ಹೆಸರಿತ್ತು. ಎಲ್ಲ ಅಳಿಸಿ ಲಿನಕ್ಸ್ ಹಾಕಹೊರಟ ಮಾವನನ್ನು ಅಮ್ಮ ತಡೆದಳು: “ಇದ್ದವರನ್ನು ಓಡಿಸಿ ನಾವು ಕೂರುವುದಾ? ಪಕ್ಕದಲ್ಲಿ ಹಾಕು ಮಾರಾಯ.”

ಮಾವ ಹಾಗೇ ಡಿಸ್ಕನ್ನು ಎರಡು ಪಾಲು ಮಾಡಿ, ಒಂದನ್ನು ಮಾಧವನಿಗೇ ಬಿಟ್ಟು ಇನ್ನೊಂದರಲ್ಲಿ ಲಿನಕ್ಸ್ ಹಾಕಿದ. ಮಾಧವನ ಕಡೆಯಿದ್ದ ಹಾವಿನ ಆಟದಲ್ಲಿ ಅವನ ಸ್ಕೋರೇ ಮೊದಲು. ಒಮ್ಮೆ ಹೇಗೋ ಅದನ್ನು ದಾಟಿದೆ. ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದಾಗ ಅವನು ಮತ್ತೆ ಮೇಲಿದ್ದ.

‘ಪೂರ್ತಿ ಡಿಸ್ಕ್ ಅಳಿಸಲೇ?’ ಎಂದು ಈಗ ಪರದೆ ಕೇಳಿತು.

“ಪಪ್ಪಾ, ಡಿಲೀಟ್ ಕರ್ ದೋ ನಾ,” ಎಂದಳು ಮಗಳು.

ನಾನು ‘ಪಕ್ಕದಲ್ಲಿ ಹಾಕು’ ಒತ್ತಿದೆ. ಅಲ್ಲಿಯವರೆಗೆ ಗರಗರ ಅನ್ನುತ್ತಿದ್ದ ಕಂಪ್ಯೂಟರಿನ ಫ್ಯಾನ್ ತೆಪ್ಪಗಾಯಿತು.