ಜಕಾರ್ತಾದಿಂದ ಸಿಂಗಪುರಕ್ಕೆ ಎರಡು ಗಂಟೆಯೊಳಗೆ

ಜಕಾರ್ತಾದಿಂದ ಸಿಂಗಪುರಕ್ಕೆ ಸುಮಾರು ಒಂಬೈನೂರು ಕಿಲೋಮೀಟರ್. ವಿಮಾನದಲ್ಲಿ ಎರಡು ಗಂಟೆಗೂ ಕಡಿಮೆ. ಜಕಾರ್ತಾವನ್ನು ಭೂಪಟದಲ್ಲೂ ನೋಡಿರದ ಅಮ್ಮ, ನೈರೋಬಿಯ ಲಂಗಾಟಾ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ವಾರ ಇದನ್ನೇ ಹೇಳುತ್ತಿದ್ದಳು. ಅಪ್ಪನ ಔಷಧಿ ಕಂಪನಿ ಅವರನ್ನು ನೈರೋಬಿಯಿಂದ ಅಲ್ಲಿಗೆ ಕಳಿಸುವ ಮಾತೆತ್ತಿತ್ತು. ಹೋಗುವುದೋ ಇಲ್ಲೇ ಉಳಿಯುವುದೋ, ಸೋಮವಾರ ಹೇಳಬೇಕಿತ್ತು. ಅಕ್ಕ ಮದುವೆಯಾಗಿ ಸಿಂಗಪುರದಲ್ಲಿದ್ದಳು. ಮದುವೆಯ ನಂತರ ಅಮ್ಮ ಅವಳನ್ನು ನೋಡಿದ್ದು ಒಂದೇ ಸಲ.

ಶನಿವಾರ ಮೂವರೂ ಸಾಮಾನು ತರಲು ಕಾರಿನಲ್ಲಿ ನ್ಗಾರಾ ಮಾರುಕಟ್ಟೆಗೆ ಹೊರಟು ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡೆವು. ಅಮ್ಮ ಮೊಬೈಲಿನಲ್ಲಿ ವಿಮಾನದ ವೇಳಾಪಟ್ಟಿ ತೆರೆದಿದ್ದಳು.

"ನೋಡೇ, ಸಿಂಗಪುರ ಹತ್ತಕ್ಕೆ ಬಿಟ್ರೆ ಜಕಾರ್ತಾ ಹತ್ತೂ ಐವತ್ತಕ್ಕೆ! ನ್ಗಾರಾದಿಂದ ಕೊತ್ತಂಬರಿ ತರೋಕೂ ಅಷ್ಟು ಹೊತ್ತು ಸಾಲಲ್ಲ."

"ಜಕಾರ್ತಾದ ಗಡಿಯಾರ ಒಂದು ಗಂಟೆ ಹಿಂದೆ ಅಮ್ಮಾ. ಅದಿರಲಿ, ಹಾರೋ ಹೊತ್ತು ಬೇರೆ, ಪ್ರಯಾಣದ ಹೊತ್ತು ಬೇರೆ. ಅಲ್ಲಿ ಟ್ರಾಫಿಕ್ ಇಲ್ಲಿಗಿಂತ ಕೆಟ್ಟದಂತೆ. ಏರ್‌ಪೋರ್ಟಿಗೇ ಎರಡು ಗಂಟೆ, ಅಲ್ಲಿ ಕಾಯೋದು ಎರಡು ಗಂಟೆ."

ಕಾಲೇಜಿನ ಡಿಬೇಟ್ ತಂಡ ನನಗೆ ಕಲಿಸಿದ್ದೇ ಇದು: ಪದಕ್ಕೆ ಎದುರಾಳಿಗಿಂತ ಮೊದಲು ನೀನು ಅರ್ಥ ಕಟ್ಟು.

"ಆಯ್ತು ಲಾಯರಮ್ಮ, ಅರ್ಧ ದಿನ ಅಂತಿಟ್ಕೋ. ಇಲ್ಲಿಂದ ಸಿಂಗಪುರಕ್ಕೆ ಹೋದ್ರೆ ಇಡೀ ದಿನ! ಅದಕ್ಕೇನಂತೀಯ?"

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ಗೆದ್ದ ಹುರುಪಿನಲ್ಲಿ ಅಮ್ಮ ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ನಾವು ಜಕಾರ್ತಾಕ್ಕೆ ಬರೋ ಹಾಗಿದೆ ಕಣೇ! ಇನ್ನು ತಿಂಗಳಿಗೊಂದ್ಸಲ ನಿನ್ನ ಮನೇಲಿ ನಾನು."

ಪಕ್ಕದಲ್ಲಿ ಒಂದು ಮಟಾಟು ವ್ಯಾನು ಹಾಡು ಕಿರುಚಿಸುತ್ತ ನುಸುಳಿತು.

"ಅಮ್ಮಾ... ನೈರೋಬಿನೇ ಚೆನ್ನಾಗಿದೆ ಅಲ್ವಾ ನಿಮಗೆ?" ಅಂದಳು ಅಕ್ಕ.

"ಯಾಕೇ? ಅಳಿಯಂದಿರಿಗೆ ತೊಂದ್ರೆನಾ?"

"ಅವ್ರೇನೂ ಅನ್ನಲ್ಲಮ್ಮ. ನಂಗೇ ಆಗಲ್ಲ. ಯಾವಾಗ್ಲೋ ಒಂದ್ಸಲ ಆದ್ರೆ ಸರಿ. ಅಷ್ಟು ಹತ್ತಿರ... ನಂಗೆ ಬೇಡಮ್ಮ."

"ಸರಿ ಕಣೇ. ಟ್ರಾಫಿಕ್ಕಲ್ಲಿದೀವಿ, ಆಮೇಲೆ ಮಾಡ್ತೀನಿ."

ಫೋನನ್ನು ಬ್ಯಾಗಿಗೆ ಹಾಕಿ ಅಮ್ಮ ಅಪ್ಪನ ಕಡೆ ತಿರುಗಿದಳು. "ರೀ, ಅಷ್ಟೇನೂ ಹತ್ತಿರ ಇಲ್ಲ ಬಿಡಿ. ಇವಳು ಹೇಳಿದ್ಳಲ್ಲ, ಏರ್‌ಪೋರ್ಟಿಗೇ ಎರಡು ಗಂಟೆ. ಅಲ್ಲಿ ಬೇರೆ ಕಾಯ್ಬೇಕು."

"ಅಮ್ಮಾ, ಅದು ವಾದಕ್ಕೆ ಹೇಳಿದ್ದು. ಬೆಂಗಳೂರಿಂದ ದಿಲ್ಲಿಗಿಂತ ಹತ್ತಿರ ಅದು!"

"ಎರಡೂ ಕಡೆ ನೀನೇ ಮಾತಾಡಿದ್ರೆ ಗೆಲ್ಲೋರ್ಯಾರೇ?"

ಡಿಬೇಟಿನಲ್ಲಿ ನಾಣ್ಯ ಚಿಮ್ಮಿ ಯಾವ ಪಕ್ಷ ಕೊಟ್ಟರೂ ನಿಂತ ನಿಲುವಿನಲ್ಲಿ ಮೂರು ಅಂಶ ಹುಡುಕಬಲ್ಲವಳು ನಾನು. ಆವತ್ತು ಒಂದೂ ಸಿಗಲಿಲ್ಲ. ಒಂಬೈನೂರು ಕಿಲೋಮೀಟರನ್ನು ಯಾರೂ ಅಲ್ಲಗಳೆದಿರಲಿಲ್ಲವಲ್ಲ. ಅದು ನಿಜವೆಂದೇ ಅಕ್ಕ ಬೇಡವೆಂದಿದ್ದು.

"ಹಾಗಾದ್ರೆ ಬೇಡ ಅಂತೀಯ?" ಅಪ್ಪ ಕೇಳಿದರು.

"ಇಲ್ಲೇನು ಕಮ್ಮಿಯಾಗಿದೆ?"

ನ್ಗಾರಾ ಮುಟ್ಟುವಷ್ಟರಲ್ಲಿ ಒಳ್ಳೆಯ ಕೊತ್ತಂಬರಿ ಮುಗಿದಿತ್ತು. ಬಾಡಿದ್ದನ್ನೇ ತೆಗೆದುಕೊಂಡು ಅಮ್ಮ ಮಾರುವವಳಿಗೆ ಸ್ವಾಹಿಲಿಯಲ್ಲಿ "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿದಳು. ಎಷ್ಟು ಹೊತ್ತಾಯಿತೆಂದು ನೋಡಲಿಲ್ಲ.

ಸೋಮವಾರ ಅಪ್ಪ ಆಫೀಸಿನಲ್ಲಿ ಬೇಡವೆಂದರು. ಅಲ್ಲಿಂದಾಚೆ ಅಕ್ಕ ಮೊದಲಿಗಿಂತ ಹೆಚ್ಚಾಗಿ ಫೋನ್ ಮಾಡತೊಡಗಿದಳು. ಅಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ, "ಟ್ರಾಫಿಕ್ಕಲ್ಲಿದೀನಿ ಕಣೇ, ಆಮೇಲೆ ಮಾಡ್ತೀನಿ" ಅನ್ನುತ್ತಿದ್ದಳು.